ಚಿಕ್ಕ ಸಂಸ್ಥೆ, ದೊಡ್ಡ ಸಂಸ್ಥೆ ಮತ್ತು ಗಣಕಯಂತ್ರ: ಲೆಕ್ಕಕ್ಕೂ ಬೇಕು ಬೀಜದ ಮುಡಿ

ಭತ್ತದ ಕೊಯ್ಲು ಮುಗಿದೊಡನೆ ನಮ್ಮ ಕರಾವಳಿಯ ಹಿರಿಯರು ಬೀಜದ ಭತ್ತವನ್ನು ಬೇರೆ ತೆಗೆದು, ಚೆನ್ನಾಗಿ ಒಣಗಿಸಿ, ಬೈಹುಲ್ಲಿನ ಮುಡಿ ಕಟ್ಟಿ ಅಟ್ಟದ ಮೇಲೆ ಇಡುತ್ತಿದ್ದರು. ಮನೆಯಲ್ಲಿ ಅಕ್ಕಿ ಮುಗಿದರೂ ಆ ಮುಡಿಗೆ ಕೈ ಹಾಕುತ್ತಿರಲಿಲ್ಲ. ಉಣ್ಣುವ ಅಕ್ಕಿ ಬೇರೆ, ಬೀಜದ ಮುಡಿ ಬೇರೆ ಎಂಬ ಈ ಕ್ರಮ ಎಲ್ಲ ರೈತರಿಗೂ ಗೊತ್ತಿರುವುದೇ. ಆದರೆ ಅದೇ ರೈತರು ಸದಸ್ಯರಾಗಿರುವ ಹಾಲು ಸಂಘದಲ್ಲಿ, ಸಿ.ಎ. ಬ್ಯಾಂಕಿನಲ್ಲಿ, ಅಥವಾ ಅವರ ಸ್ವಂತ ಮೊಬೈಲಿನಲ್ಲಿ ಇರುವ ಲೆಕ್ಕಕ್ಕೆ ಬೀಜದ ಮುಡಿ ಇದೆಯೇ ಎಂದು ಕೇಳಿದರೆ ಉತ್ತರ ಸುಲಭವಾಗಿ ಸಿಗದು.

ಇಂದು ರೈತರ ಬಹುಪಾಲು ಲೆಕ್ಕ ಗಣಕಯಂತ್ರದಲ್ಲಿದೆ. ಪಹಣಿ, ಬೆಳೆಸಾಲ, ಹಾಲಿನ ಬಟವಾಡೆ, ಬೆಳೆ ಸಮೀಕ್ಷೆ, ಸಹಾಯಧನ ಎಲ್ಲವೂ ಒಂದಲ್ಲ ಒಂದು ಯಂತ್ರದ ಮೂಲಕವೇ ಬರುತ್ತವೆ. ಯಂತ್ರ ಸರಿಯಾಗಿರುವ ತನಕ ಯಾರೂ ಅದರ ಬಗ್ಗೆ ಯೋಚಿಸುವುದಿಲ್ಲ. ಅದು ನಿಂತ ದಿನ ನಷ್ಟವಾಗುವುದು ರೈತನಿಗೆ. ಆದುದರಿಂದ ಬೇರೆ ಬೇರೆ ಗಾತ್ರದ ಸಂಸ್ಥೆಗಳು ಈ ಯಂತ್ರಗಳನ್ನು ಹೇಗೆ ಬಳಸುತ್ತವೆ, ಅವುಗಳ ಆರೈಕೆಯನ್ನು ಹೇಗೆ ಮಾಡುತ್ತವೆ, ಸದಸ್ಯರಾಗಿ ನಾವು ಏನನ್ನು ಗಮನಿಸಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಗಣಕಯಂತ್ರ ಮಾಡುವ ಕೆಲಸ

ಯಂತ್ರ ಚಿಕ್ಕದಿರಲಿ ದೊಡ್ಡದಿರಲಿ, ಅದು ಮಾಡುವ ಕೆಲಸ ನಾಲ್ಕೇ.

1. ಬರೆದುಕೊಳ್ಳುವುದು: ಯಾರು, ಯಾವ ದಿನ, ಎಷ್ಟು ಎಂಬುದನ್ನು ದಾಖಲಿಸುವುದು.
2. ಲೆಕ್ಕ ಹಾಕುವುದು: ದರ, ಬಡ್ಡಿ, ಕಡಿತ, ಬೋನಸ್ ಮುಂತಾದವನ್ನು ಗುಣಿಸಿ ಕೂಡಿಸುವುದು.
3. ಕಳುಹಿಸುವುದು: ಒಂದು ಊರಿನ ಲೆಕ್ಕವನ್ನು ಇನ್ನೊಂದು ಊರಿಗೆ ಕ್ಷಣದಲ್ಲಿ ತಲುಪಿಸುವುದು.
4. ಕಾಪಾಡುವುದು: ಬರೆದುದನ್ನು ವರ್ಷಗಟ್ಟಲೆ ಉಳಿಸಿಕೊಂಡು, ಕೇಳಿದಾಗ ತೆಗೆದು ಕೊಡುವುದು.

ಮೊದಲ ಮೂರು ಕೆಲಸಗಳನ್ನು ಯಂತ್ರ ತಾನಾಗಿ ಚೆನ್ನಾಗಿ ಮಾಡುತ್ತದೆ. ನಾಲ್ಕನೆಯದು ಮಾತ್ರ ಮನುಷ್ಯನ ಎಚ್ಚರವನ್ನು ಬೇಡುತ್ತದೆ. ಚಿಕ್ಕ ಸಂಸ್ಥೆಗೂ ದೊಡ್ಡ ಸಂಸ್ಥೆಗೂ ಇರುವ ಮುಖ್ಯ ವ್ಯತ್ಯಾಸ ಇಲ್ಲಿಯೇ ಕಾಣಿಸುತ್ತದೆ.

ನಮ್ಮ ಜಿಲ್ಲೆಯ ಹಳೆಯ ಪಾಠ

ಸಣ್ಣ ಮೊತ್ತದ ಲೆಕ್ಕವನ್ನು ಅಚ್ಚುಕಟ್ಟಾಗಿ ಇಡುವ ವಿದ್ಯೆ ಉಡುಪಿ, ಮಣಿಪಾಲಗಳಿಗೆ ಹೊಸದಲ್ಲ. 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳುತನದಲ್ಲಿ ಉಡುಪಿಯಲ್ಲಿ ಹುಟ್ಟಿದ ಸಂಸ್ಥೆ ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆಯಿತು. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಅವರು ಉಡುಪಿಯಲ್ಲಿ ಆರಂಭಿಸಿದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ, ಮಣಿಪಾಲದಲ್ಲಿ ಪ್ರಧಾನ ಕಚೇರಿಯನ್ನು ಹೊಂದಿತ್ತು.

ಈ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಏಜೆಂಟರು ದಿನವೂ ಮನೆ ಬಾಗಿಲಿಗೆ, ಅಂಗಡಿಗೆ ಬಂದು ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಪಡೆಯುತ್ತಿದ್ದರು. ಏಜೆಂಟರ ಕೈಯಲ್ಲಿ ಒಂದು ಲೆಕ್ಕ, ಗ್ರಾಹಕನ ಕೈಯಲ್ಲಿ ಒಂದು ಲೆಕ್ಕ, ಬ್ಯಾಂಕಿನ ಪುಸ್ತಕದಲ್ಲಿ ಇನ್ನೊಂದು ಲೆಕ್ಕ. ಒಂದು ಕಳೆದರೆ ಉಳಿದೆರಡು ಸಾಕ್ಷಿಗೆ ಇರುತ್ತಿದ್ದವು. ಇದೇ ಲೆಕ್ಕದ ಬೀಜದ ಮುಡಿ. ಇಂದಿಗೂ ನಮ್ಮ ಭಾಗದ ಸಹಕಾರ ಸಂಘಗಳಲ್ಲಿ ಪಿಗ್ಮಿ ಇದೆ. ಪುಸ್ತಕದ ಬದಲು ಅಂಗೈಯಗಲದ ಯಂತ್ರ ಬಂದಿದೆ. ಹಣ ಕೊಟ್ಟೊಡನೆ ಚೀಟಿ ಬರುತ್ತದೆ. ಯಂತ್ರ ಬದಲಾಗಿದೆ, ತತ್ವ ಬದಲಾಗಿಲ್ಲ. ಆದರೆ ಆ ಚೀಟಿಯನ್ನು ಅಲ್ಲೇ ಹರಿದು ಎಸೆಯುವವರು ಮೂರು ಸಾಕ್ಷಿಗಳಲ್ಲಿ ತಮ್ಮ ಪಾಲಿನ ಒಂದನ್ನು ಕಳೆದುಕೊಳ್ಳುತ್ತಾರೆ ಎಂಬುದನ್ನು ಮರೆಯಬಾರದು.

ಬ್ಯಾಂಕುಗಳಿಗೆ ಗಣಕಯಂತ್ರ ಒಂದೇ ದಿನದಲ್ಲಿ ಬರಲಿಲ್ಲ. ರಂಗರಾಜನ್ ಸಮಿತಿಯು 1984ರಲ್ಲಿ ವರದಿ ಕೊಟ್ಟ ನಂತರ ಶಾಖೆಗಳಿಗೆ ಲೆಜರ್ ಬರೆಯುವ ಯಂತ್ರಗಳು ಬಂದವು. ನೌಕರರಲ್ಲಿ ಕೆಲಸ ಹೋದೀತೆಂಬ ಅಂಜಿಕೆ ಇತ್ತು, ವಿರೋಧವೂ ಇತ್ತು. ಅನಂತರದ ವರ್ಷಗಳಲ್ಲಿ ಎಲ್ಲ ಶಾಖೆಗಳ ಲೆಕ್ಕವನ್ನು ಒಂದೇ ಕೇಂದ್ರದಲ್ಲಿ ಇಡುವ ಪದ್ಧತಿ ಬಂದಿತು. ಕಾಪುವಿನಲ್ಲಿ ಖಾತೆ ತೆರೆದವರು ಕಾರ್ಕಳದಲ್ಲಿ ಹಣ ತೆಗೆಯುವಂತಾದುದು ಇದರಿಂದಲೇ.

ಮೂರು ಗಾತ್ರಗಳು

ಉಳುಮೆಗೆ ಎಲ್ಲರೂ ಒಂದೇ ಸಾಧನ ಬಳಸುವುದಿಲ್ಲ. ಹತ್ತು ಸೆಂಟ್ಸ್ ಮಲ್ಲಿಗೆ ತೋಟಕ್ಕೆ ಹಾರೆ ಸಾಕು. ಐದು ಎಕರೆ ಬಯಲಿಗೆ ಟಿಲ್ಲರ್ ಬೇಕು. ನೂರಾರು ಎಕರೆಗೆ ಟ್ರಾಕ್ಟರ್, ಅದರ ಚಾಲಕ, ರಿಪೇರಿಯವನು ಎಲ್ಲರೂ ಬೇಕು. ಮಾಹಿತಿ ತಂತ್ರಜ್ಞಾನದ ವಿಷಯವೂ ಹೀಗೆಯೇ.

(ಅ) ಮನೆ ಮಟ್ಟದ ವ್ಯವಹಾರ

ಶಂಕರಪುರದ ಮಲ್ಲಿಗೆ ಬೆಳೆಗಾರರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಟ್ಟೆಯ ದರ ದಿನದಿನಕ್ಕೂ ಏರಿಳಿಯುತ್ತದೆ. ಮದುವೆ, ನೇಮ, ಕೋಲಗಳ ಕಾಲದಲ್ಲಿ ಒಂದು ದರವಾದರೆ ಆಟಿ ತಿಂಗಳಲ್ಲಿ ಇನ್ನೊಂದು. ಹಿಂದೆ ಕಟ್ಟೆಗೆ ಹೂ ಒಯ್ದ ಮೇಲೆಯೇ ದರ ತಿಳಿಯುತ್ತಿತ್ತು. ಈಗ ದರ ಮೊಬೈಲಿಗೇ ಬರುತ್ತದೆ. ಮಟ್ಟುಗುಳ್ಳ ಬೆಳೆಯುವವರು, ತರಕಾರಿ ಮಾರುವವರು, ರಸ್ತೆ ಬದಿಯ ಎಳನೀರು ಅಂಗಡಿಯವರು ಸಹ ಮೊಬೈಲಿನಲ್ಲಿಯೇ ಹಣ ಪಡೆಯುತ್ತಾರೆ. ಇವರ ಇಡೀ ಕಚೇರಿ ಒಂದು ಮೊಬೈಲ್.

ಇಲ್ಲಿ ಯಂತ್ರದ ಆರೈಕೆ ಮಾಡುವವರು ಯಾರು? ಸಾಮಾನ್ಯವಾಗಿ ಮಗ, ಮಗಳು, ಇಲ್ಲವೇ ಪೇಟೆಯ ಮೊಬೈಲ್ ಅಂಗಡಿಯವನು. ಖರ್ಚಿಲ್ಲ, ಕೆಲಸವೂ ಬೇಗ ಆಗುತ್ತದೆ. ಆದರೆ ಮಗ ಬೆಂಗಳೂರಿಗೋ ದುಬೈಗೋ ಹೋದ ಮೇಲೆ ಪಾಸ್‌ವರ್ಡ್ ಯಾರಿಗೂ ತಿಳಿಯದ ಮನೆಗಳು ಎಷ್ಟೋ ಇವೆ. ಆದುದರಿಂದ ಈ ಮಟ್ಟದಲ್ಲಿ ಕೆಳಗಿನ ಕ್ರಮಗಳನ್ನು ಅನುಸರಿಸುವುದು ಒಳ್ಳೆಯದು.

1. ಸಿಮ್ ಕಾರ್ಡ್ ವ್ಯವಹಾರ ಮಾಡುವವರ ಹೆಸರಿನಲ್ಲಿಯೇ ಇರಬೇಕು. ನಂಬರ್ ಬದಲಿಸುವುದಾದರೆ ಮೊದಲು ಬ್ಯಾಂಕಿನಲ್ಲಿ ಬದಲಿಸಿ, ಅನಂತರವೇ ಹಳೆಯ ಸಿಮ್ ಬಿಡಬೇಕು. ಬಿಟ್ಟ ನಂಬರನ್ನು ಕಂಪೆನಿಯು ಕೆಲವು ತಿಂಗಳ ಬಳಿಕ ಬೇರೆಯವರಿಗೆ ಕೊಡಬಹುದು.
2. ಪಿನ್ ಸಂಖ್ಯೆಯನ್ನು ಮೊಬೈಲಿನಲ್ಲಿಯೇ ಬರೆದಿಡಬಾರದು. ಬೀಗದ ಜೊತೆಯಲ್ಲೇ ಕೀಲಿಕೈ ನೇತುಹಾಕಿದಂತಾಗುತ್ತದೆ.
3. ಮುಖ್ಯ ನಂಬರುಗಳು, ಬ್ಯಾಂಕ್ ಖಾತೆಯ ಸಂಖ್ಯೆ, ರೈತ ಗುರುತಿನ ಎಫ್.ಐ.ಡಿ. ಸಂಖ್ಯೆ, ಪಹಣಿಯ ಸರ್ವೆ ನಂಬರ್ ಇವುಗಳನ್ನು ಒಂದು ಪುಸ್ತಕದಲ್ಲಿ ಬರೆದು ಪೆಟ್ಟಿಗೆಯಲ್ಲಿ ಇಡಬೇಕು.
4. ದಿನದ ಮಾರಾಟವನ್ನು ರಾತ್ರಿ ಒಂದು ಸಾಲಿನಲ್ಲಿ ಪುಸ್ತಕಕ್ಕೆ ಇಳಿಸಬೇಕು.
5. ಮೊಬೈಲ್ ಕಳೆದರೆ ಮೊದಲು ಸಿಮ್ ನಿಲ್ಲಿಸಬೇಕು, ಅನಂತರ ಬ್ಯಾಂಕಿಗೆ ತಿಳಿಸಬೇಕು. ಪೊಲೀಸ್ ದೂರು ಕೊಟ್ಟು, ಸರ್ಕಾರದ ಸಂಚಾರ್ ಸಾಥಿ ವ್ಯವಸ್ಥೆಯ ಮೂಲಕ ಮೊಬೈಲನ್ನೇ ನಿಷ್ಕ್ರಿಯಗೊಳಿಸಬಹುದು.

(ಆ) ಸಂಘದ ಮಟ್ಟ

ಹಾಲು ಉತ್ಪಾದಕರ ಸಹಕಾರ ಸಂಘ, ವ್ಯವಸಾಯ ಸೇವಾ ಸಹಕಾರಿ ಸಂಘ, ಅಕ್ಕಿ ಗಿರಣಿ, ಗೇರುಬೀಜ ಕಾರ್ಖಾನೆ ಇವೆಲ್ಲ ಮಧ್ಯಮ ಗಾತ್ರದವು. ಒಂದೆರಡು ಗಣಕಯಂತ್ರ, ಒಂದು ಪ್ರಿಂಟರ್, ಇಬ್ಬರು ಮೂವರು ಸಿಬ್ಬಂದಿ. ವ್ಯವಹಾರ ಮಾತ್ರ ಲಕ್ಷಗಟ್ಟಲೆ. ಅತಿ ಹೆಚ್ಚು ಅಪಾಯ ಇರುವುದು ಈ ಗಾತ್ರದಲ್ಲಿಯೇ. ಮನೆಯ ಲೆಕ್ಕವನ್ನು ನೆನಪಿನಿಂದಲಾದರೂ ಬರೆಯಬಹುದು. ದೊಡ್ಡ ಬ್ಯಾಂಕಿಗೆ ತನ್ನದೇ ತಜ್ಞರಿದ್ದಾರೆ. ಸಂಘಕ್ಕೆ ಇವೆರಡೂ ಇಲ್ಲ.

ಹಾಲು ಸಂಘದ ಕೆಲಸವನ್ನೇ ನೋಡಿ. ಹಿಂದೆ ಹಾಲಿನ ಕೊಬ್ಬನ್ನು ಗರ್ಬರ್ ವಿಧಾನದಲ್ಲಿ ಗಂಧಕಾಮ್ಲ ಹಾಕಿ, ಯಂತ್ರದಲ್ಲಿ ತಿರುಗಿಸಿ ಅಳೆಯುತ್ತಿದ್ದರು. ಲ್ಯಾಕ್ಟೋಮೀಟರಿನಿಂದ ಗಟ್ಟಿತನ ನೋಡುತ್ತಿದ್ದರು. ಈಗ ಪರೀಕ್ಷಾ ಯಂತ್ರಕ್ಕೆ ಸ್ವಲ್ಪ ಹಾಲು ಇಟ್ಟರೆ ಒಂದು ನಿಮಿಷದೊಳಗೆ ಕೊಬ್ಬು ಮತ್ತು ಕೊಬ್ಬಿಲ್ಲದ ಘನಪದಾರ್ಥಗಳ ಅಂಕಿ ಬರುತ್ತದೆ. ತೂಕದ ಯಂತ್ರದಿಂದ ಪ್ರಮಾಣ ಬರುತ್ತದೆ. ಗಣಕಯಂತ್ರವು ಇವೆರಡನ್ನೂ ಸೇರಿಸಿ, ದರಪಟ್ಟಿ ನೋಡಿ, ಚೀಟಿ ಕೊಡುತ್ತದೆ.

ಇಲ್ಲಿ ಒಂದು ಮಾತು ನೆನಪಿಡಬೇಕು. ಗಣಕಯಂತ್ರ ಗುಣಾಕಾರದಲ್ಲಿ ತಪ್ಪುವುದಿಲ್ಲ. ಆದರೆ ತಪ್ಪು ಅಂಕಿ ಕೊಟ್ಟರೆ ತಪ್ಪು ಉತ್ತರವನ್ನೇ ಕೊಡುತ್ತದೆ, ಬಿತ್ತಿದ್ದನ್ನೇ ಬೆಳೆಯುವುದು. ಪರೀಕ್ಷಾ ಯಂತ್ರವನ್ನು ದಿನವೂ ಶುಚಿಗೊಳಿಸದಿದ್ದರೆ ಒಳಗೆ ಹಾಲಿನ ಪದರ ಕಟ್ಟಿ ಅಂಕಿ ತಪ್ಪಾಗುತ್ತದೆ. ಆಗಾಗ ಅದೇ ಹಾಲನ್ನು ಗರ್ಬರ್ ವಿಧಾನದಿಂದಲೂ ಪರೀಕ್ಷಿಸಿ ಎರಡನ್ನೂ ಹೋಲಿಸಿ ನೋಡುವುದು ಅಗತ್ಯ. ಇದನ್ನು ಕೇಳುವ ಹಕ್ಕು ಪ್ರತಿಯೊಬ್ಬ ಸದಸ್ಯನಿಗೂ ಇದೆ.

(ಇ) ದೊಡ್ಡ ಸಂಸ್ಥೆಗಳು

ರಾಷ್ಟ್ರೀಕೃತ ಬ್ಯಾಂಕುಗಳು, ಮಣಿಪಾಲದ ವಿಶ್ವವಿದ್ಯಾಲಯ, ಎರಡು ಸಾವಿರಕ್ಕೂ ಹೆಚ್ಚು ಹಾಸಿಗೆಗಳಿರುವ ಕಸ್ತೂರ್ಬಾ ಆಸ್ಪತ್ರೆ ಇಂಥವು ಈ ಗುಂಪಿಗೆ ಸೇರುತ್ತವೆ. ಆಸ್ಪತ್ರೆಗೆ ರಾತ್ರಿ ಎಂಬುದಿಲ್ಲ; ಬ್ಯಾಂಕಿನ ಹಣ ಪಾವತಿಗೆ ಭಾನುವಾರ ಎಂಬುದಿಲ್ಲ. ಆದುದರಿಂದ ಇಷ್ಟು ದೊಡ್ಡ ಸಂಸ್ಥೆಗಳು ಗಣಕಯಂತ್ರಗಳಿಗೇ ಪ್ರತ್ಯೇಕ ವಿಭಾಗವನ್ನು ಇಟ್ಟುಕೊಳ್ಳುತ್ತವೆ. ಪಾಳಿಯ ಮೇಲೆ ಕೆಲಸ ಮಾಡುವ ಸಿಬ್ಬಂದಿ, ದೂರಿಗೆ ಒಂದು ಸಂಖ್ಯೆ, ಒಬ್ಬರು ಬರೆದುದನ್ನು ಇನ್ನೊಬ್ಬರು ಒಪ್ಪುವ ಕ್ರಮ ಇವೆಲ್ಲ ಅಲ್ಲಿ ಇರುತ್ತವೆ. ಬ್ಯಾಂಕುಗಳು ತಮ್ಮ ಲೆಕ್ಕದ ಎರಡನೆಯ ಪ್ರತಿಯನ್ನು ಬೇರೊಂದು ಊರಿನಲ್ಲಿ ಇಡುತ್ತವೆ. ಒಂದು ಊರಿನಲ್ಲಿ ನೆರೆ ಬಂದರೂ ಇನ್ನೊಂದು ಊರಿನ ಯಂತ್ರ ಕೆಲಸ ಮುಂದುವರಿಸುತ್ತದೆ.

ಹಾಗೆಂದು ದೊಡ್ಡ ಸಂಸ್ಥೆಯಲ್ಲಿ ಎಲ್ಲವೂ ಸುಸೂತ್ರ ಎಂದು ತಿಳಿಯಬಾರದು. ಕೇಂದ್ರದಲ್ಲಿ ದೋಷವಾದರೆ ಎಲ್ಲ ಶಾಖೆಗಳೂ ಒಟ್ಟಿಗೆ ನಿಲ್ಲುತ್ತವೆ. ರೈತನ ಹೆಸರಿನಲ್ಲಿ ಒಂದಕ್ಷರ ತಪ್ಪಿದ್ದರೆ ತಿದ್ದಲು ಅರ್ಜಿ ಅನೇಕ ಮೇಜುಗಳನ್ನು ದಾಟಬೇಕಾಗುತ್ತದೆ. ಸಂಘದ ಕಾರ್ಯದರ್ಶಿಯಾದರೆ ಮುಖ ನೋಡಿಯೇ ಗುರುತು ಹಿಡಿದು ಅಲ್ಲೇ ಸರಿಪಡಿಸುತ್ತಾರೆ. ಚಿಕ್ಕದರಲ್ಲಿ ವೇಗ ಹೆಚ್ಚು, ಭದ್ರತೆ ಕಡಿಮೆ. ದೊಡ್ಡದರಲ್ಲಿ ಭದ್ರತೆ ಹೆಚ್ಚು, ವೇಗ ಕಡಿಮೆ.

ದೊಡ್ಡದು ಅಲುಗಿದರೆ ಚಿಕ್ಕದೂ ಅಲುಗುತ್ತದೆ ಎಂಬುದಕ್ಕೆ ಇತ್ತೀಚಿನ ಉದಾಹರಣೆ ಇದೆ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನವಾದವು. ಸಿಂಡಿಕೇಟ್ ಬ್ಯಾಂಕಿನ ಶಾಖೆಗಳ ಐ.ಎಫ್.ಎಸ್.ಸಿ. ಸಂಕೇತಗಳು ‘ಎಸ್.ವೈ.ಎನ್.ಬಿ.’ ಅಕ್ಷರಗಳಿಂದ ಆರಂಭವಾಗುತ್ತಿದ್ದವು. 2021ರ ಜುಲೈ 1ರಿಂದ ಅವು ರದ್ದಾಗಿ ‘ಸಿ.ಎನ್.ಆರ್.ಬಿ.’ ಸಂಕೇತಗಳು ಬಂದವು. ಇಂಥ ಬದಲಾವಣೆಯನ್ನು ಬ್ಯಾಂಕು ತನ್ನ ಯಂತ್ರದಲ್ಲಿ ಮಾಡಿಕೊಂಡರೆ ಸಾಲದು. ಆ ಬ್ಯಾಂಕಿನಲ್ಲಿ ಖಾತೆ ಇರುವ ಸದಸ್ಯರಿಗೆ ಹಣ ಕಳುಹಿಸುವ ಪ್ರತಿಯೊಂದು ಸಂಘವೂ ತನ್ನ ಪಟ್ಟಿಯನ್ನು ತಿದ್ದಿಕೊಳ್ಳಬೇಕಾಗುತ್ತದೆ. ಪಾಸ್‌ಪುಸ್ತಕ ಬದಲಾದಾಗ ಅದರ ಮೊದಲ ಪುಟದ ಪ್ರತಿಯನ್ನು ಸಂಘಕ್ಕೆ ಕೊಡುವುದು ಸದಸ್ಯನ ಕರ್ತವ್ಯ.

ಯಂತ್ರ ಕೆಟ್ಟರೆ ಆಗುವುದೇನು?

ಅಂಕಿಗಳಿಂದ ಇದನ್ನು ತಿಳಿಯೋಣ. ಒಂದು ಸಂಘದಲ್ಲಿ 120 ಮಂದಿ ಹಾಲು ಹಾಕುವವರಿದ್ದಾರೆ, ದಿನಕ್ಕೆ 600 ಲೀಟರ್ ಹಾಲು ಬರುತ್ತದೆ, ದರ ಸರಾಸರಿ 38 ರೂಪಾಯಿ, ಹತ್ತು ದಿನಕ್ಕೊಮ್ಮೆ ಬಟವಾಡೆ ಎಂದು ಇಟ್ಟುಕೊಳ್ಳೋಣ. ಬೆಳಗ್ಗೆ ಸಂಜೆ ಸೇರಿ ದಿನಕ್ಕೆ 240 ದಾಖಲೆಗಳಾಗುತ್ತವೆ. ದಿನದ ಹಾಲಿನ ಬೆಲೆ 22,800 ರೂಪಾಯಿ.

ಎಂಟನೆಯ ದಿನ ರಾತ್ರಿ ಸಿಡಿಲು ಬಡಿದು ಗಣಕಯಂತ್ರ ಸುಟ್ಟಿತೆನ್ನಿ. ಬೇರೆ ಪ್ರತಿ ಇಲ್ಲದಿದ್ದರೆ 1,920 ದಾಖಲೆಗಳು ಹೋದವು. ಅವುಗಳ ಬೆಲೆ 1,82,400 ರೂಪಾಯಿ. ಹಾಲು ಒಕ್ಕೂಟಕ್ಕೆ ಹೋಗಿದೆ, ಒಟ್ಟು ಲೀಟರ್ ಎಷ್ಟೆಂಬುದೂ ತಿಳಿದಿದೆ. ಆದರೆ ಯಾರ ಹಾಲು ಎಷ್ಟು, ಅದರಲ್ಲಿ ಕೊಬ್ಬು ಎಷ್ಟು ಎಂಬುದು ಯಾರಿಗೂ ತಿಳಿಯದು. ಸರಾಸರಿ ಹಾಕಿ ಹಂಚಿದರೆ ಒಳ್ಳೆಯ ಹಾಲು ಕೊಟ್ಟವನಿಗೆ ನಷ್ಟ, ತೆಳು ಹಾಲು ಕೊಟ್ಟವನಿಗೆ ಲಾಭ. ಸಂಘದಲ್ಲಿ ಜಗಳ ಹುಟ್ಟಲು ಇಷ್ಟು ಸಾಕು. ವರ್ಷಾಂತ್ಯದ ಬೋನಸ್ಸಿಗೆ ಇಡೀ ವರ್ಷದ 87,600 ದಾಖಲೆಗಳು ಬೇಕೆಂಬುದನ್ನು ನೆನೆದರೆ ವಿಷಯದ ಗಾಂಭೀರ್ಯ ಅರಿವಾಗುತ್ತದೆ.

ಅದೇ ಸಂಘದಲ್ಲಿ ದಿನವೂ ಸಂಜೆ ಐದು ನಿಮಿಷ ವ್ಯಯಿಸಿ ಲೆಕ್ಕದ ಪ್ರತಿಯನ್ನು ಪೆನ್‌ಡ್ರೈವಿಗೆ ತೆಗೆದಿದ್ದರೆ? ಏನೂ ಹೋಗುತ್ತಿರಲಿಲ್ಲ. ಒಂದು ದಿನ ತಪ್ಪಿದ್ದರೂ ಹೋಗುವುದು 240 ದಾಖಲೆ ಮಾತ್ರ. ಅದನ್ನು ಸದಸ್ಯರ ಚೀಟಿಗಳಿಂದ ತುಂಬಿಸಬಹುದು. ಎರಡು ಪೆನ್‌ಡ್ರೈವ್‌ಗಳ ಬೆಲೆ ಸಾವಿರ ರೂಪಾಯಿಯ ಸುಮಾರು. ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದಕ್ಕಿಂತ ಇದು ಎಷ್ಟೋ ಅಗ್ಗ.

ಪ್ರತಿ ತೆಗೆಯುವ ಕ್ರಮ ಹೀಗಿರಲಿ.

1. ಎರಡು ಪೆನ್‌ಡ್ರೈವ್‌ಗಳನ್ನು ಇಟ್ಟುಕೊಂಡು ಒಂದು ದಿನ ಒಂದು, ಮರುದಿನ ಇನ್ನೊಂದು ಬಳಸಬೇಕು.
2. ಪ್ರತಿ ತೆಗೆದ ಕೂಡಲೇ ಅದನ್ನು ಯಂತ್ರದಿಂದ ಬಿಡಿಸಬೇಕು. ಯಂತ್ರಕ್ಕೆ ಸಿಕ್ಕಿಸಿಯೇ ಇಟ್ಟರೆ ಸಿಡಿಲಿಗೂ ವೈರಸ್‌ಗೂ ಎರಡೂ ಒಟ್ಟಿಗೆ ಬಲಿಯಾಗುತ್ತವೆ.
3. ಒಂದು ಪ್ರತಿ ಸಂಘದ ಕಟ್ಟಡದ ಹೊರಗೆ, ಆಡಳಿತ ಮಂಡಳಿ ಗೊತ್ತುಪಡಿಸಿದ ಸ್ಥಳದಲ್ಲಿ ಇರಬೇಕು.
4. ತಿಂಗಳಿಗೊಮ್ಮೆ ಆ ಪ್ರತಿಯನ್ನು ಇನ್ನೊಂದು ಯಂತ್ರದಲ್ಲಿ ತೆರೆದು ನೋಡಬೇಕು. ಬೀಜವನ್ನು ಬಿತ್ತುವ ಮೊದಲು ಮೊಳಕೆ ಪರೀಕ್ಷೆ ಮಾಡುವುದಿಲ್ಲವೇ? ಇದೂ ಹಾಗೆಯೇ. ತೆರೆಯದ ಪ್ರತಿ ಮೊಳೆಯದ ಬೀಜ.
5. ಬಟವಾಡೆ ಪಟ್ಟಿಯನ್ನು ಪ್ರತಿ ಸಲ ಕಾಗದದಲ್ಲಿ ಮುದ್ರಿಸಿ, ಸಹಿ ಮಾಡಿ, ಕಡತದಲ್ಲಿ ಇಡಬೇಕು.

ಆರೈಕೆಯ ಖರ್ಚು

ಯಂತ್ರ ಕೊಳ್ಳಲು ಠರಾವು ಮಾಡುವ ಸಂಘಗಳು ಅದರ ಆರೈಕೆಗೆ ಹಣ ಇಡುವುದನ್ನು ಮರೆಯುತ್ತವೆ. ದನ ಕೊಂಡು ಹಿಂಡಿಗೆ ಹಣ ಇಡದಿದ್ದ ಹಾಗೆ. ಒಂದು ಅಂದಾಜು ನೋಡೋಣ. ಗಣಕಯಂತ್ರ, ಪ್ರಿಂಟರ್, ಯು.ಪಿ.ಎಸ್., ಪರೀಕ್ಷಾ ಯಂತ್ರ ಎಲ್ಲ ಸೇರಿ ಒಂದು ಲಕ್ಷ ರೂಪಾಯಿ, ಬಾಳಿಕೆ ಐದು ವರ್ಷ ಎಂದಿಟ್ಟುಕೊಂಡರೆ:

ಯಂತ್ರದ ಸವಕಳಿ, ವರ್ಷಕ್ಕೆ: 20,000 ರೂ.
ವಾರ್ಷಿಕ ನಿರ್ವಹಣಾ ಕರಾರು: 10,000 ರೂ.
ತಂತ್ರಾಂಶದ ಶುಲ್ಕ: 6,000 ರೂ.
ಬ್ಯಾಟರಿ ಬದಲಾವಣೆಗೆ ಮೀಸಲು: 4,000 ರೂ.
ಒಟ್ಟು: 40,000 ರೂ.

ಅಂದರೆ ಕೊಳ್ಳುವುದಕ್ಕೆ ಎಷ್ಟೋ ಆರೈಕೆಗೂ ಅಷ್ಟೇ. ದಿನಕ್ಕೆ 600 ಲೀಟರ್ ಹಾಲು ಬರುವ ಸಂಘಕ್ಕೆ ವರ್ಷಕ್ಕೆ 2,19,000 ಲೀಟರ್ ಆಗುವುದರಿಂದ ಲೀಟರಿಗೆ ಬೀಳುವ ಖರ್ಚು ಸುಮಾರು 18 ಪೈಸೆ. ಆದರೆ ದಿನಕ್ಕೆ 150 ಲೀಟರ್ ಮಾತ್ರ ಬರುವ ಸಂಘಕ್ಕೆ ಇದೇ ಖರ್ಚು ಲೀಟರಿಗೆ 73 ಪೈಸೆ ಆಗುತ್ತದೆ. ಯಂತ್ರ ಒಂದೇ, ಭಾರ ನಾಲ್ಕು ಪಟ್ಟು. ಚಿಕ್ಕ ಸಂಘಗಳು ಆರೈಕೆಯಲ್ಲಿ ಹಿಂದೆ ಬೀಳುವುದು ಕಾರ್ಯದರ್ಶಿಯ ಸೋಮಾರಿತನದಿಂದಲ್ಲ, ಈ ಲೆಕ್ಕದಿಂದ.

ಇದಕ್ಕೆ ಪರಿಹಾರವೂ ಸಹಕಾರವೇ. ಅಕ್ಕಪಕ್ಕದ ಎಂಟು ಹತ್ತು ಸಂಘಗಳು ಸೇರಿ ಒಬ್ಬ ರಿಪೇರಿಯವನೊಂದಿಗೆ ಒಂದೇ ಕರಾರು ಮಾಡಿಕೊಳ್ಳಬಹುದು. ಎಲ್ಲರೂ ಒಂದೇ ಬಗೆಯ ಯಂತ್ರ ಕೊಂಡರೆ ಬಿಡಿಭಾಗಗಳನ್ನು ಹಂಚಿಕೊಳ್ಳಬಹುದು. ಒಂದು ಹೆಚ್ಚುವರಿ ಯಂತ್ರವನ್ನು ಎಲ್ಲರ ಪಾಲಿಗೆ ಸಾಮಾನ್ಯವಾಗಿ ಇಡಬಹುದು. ಕೊಯ್ಲಿನ ಯಂತ್ರವನ್ನು ನಾಲ್ಕು ಮನೆಯವರು ಸೇರಿ ತರಿಸುವ ಪದ್ಧತಿಯೇ ಇಲ್ಲಿಯೂ ಸಲ್ಲುತ್ತದೆ.

ಕೇಂದ್ರ ಸರ್ಕಾರವು 2022ರ ಜೂನ್ 29ರಂದು ಮಂಜೂರು ಮಾಡಿದ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣ ಯೋಜನೆಯ ಹಿಂದೆ ಇರುವುದೂ ಇದೇ ವಿಚಾರ. 63,000 ಸಂಘಗಳಿಗೆ 2,516 ಕೋಟಿ ರೂಪಾಯಿ ಎಂದು ಆಗ ಗೊತ್ತುಪಡಿಸಲಾಯಿತು. ಭಾಗಿಸಿ ನೋಡಿದರೆ ಸಂಘವೊಂದಕ್ಕೆ ಸುಮಾರು 4 ಲಕ್ಷ. ಈ ಹಣ ಬರಿಯ ಯಂತ್ರಕ್ಕಲ್ಲ. ಎಲ್ಲ ಸಂಘಗಳಿಗೂ ಒಂದೇ ತಂತ್ರಾಂಶ, ಹಳೆಯ ಪುಸ್ತಕಗಳನ್ನು ಯಂತ್ರಕ್ಕೆ ಇಳಿಸುವ ಕೆಲಸ, ಲೆಕ್ಕದ ಭದ್ರತೆ, ನಿರ್ವಹಣೆ, ಸಿಬ್ಬಂದಿಗೆ ತರಬೇತಿ ಇವೆಲ್ಲ ಅದರಲ್ಲಿ ಸೇರಿವೆ. ಒಂಟಿ ಸಂಘಕ್ಕೆ ಸಾಧ್ಯವಾಗದ ಆರೈಕೆ ಒಟ್ಟಾದಾಗ ಸಾಧ್ಯವಾಗುತ್ತದೆ. ನಮ್ಮ ರಾಜ್ಯದ ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿ ದಾಖಲೆಗಳು ಗಣಕಯಂತ್ರಕ್ಕೆ ಏರಿದ್ದು ಕೂಡ ತಾಲ್ಲೂಕುಗಳೆಲ್ಲ ಒಂದೇ ಪದ್ಧತಿಯನ್ನು ಹಿಡಿದುದರಿಂದ.

ಹಳೆಯ ಪುಸ್ತಕಗಳನ್ನು ಯಂತ್ರಕ್ಕೆ ಇಳಿಸುವಾಗ ಸದಸ್ಯರು ವಿಶೇಷ ಎಚ್ಚರ ವಹಿಸಬೇಕು. ಹೆಸರು, ಪಾಲು ಬಂಡವಾಳ, ಸಾಲದ ಬಾಕಿ ಸರಿಯಾಗಿ ಏರಿದೆಯೇ ಎಂದು ಮುದ್ರಿತ ಪ್ರತಿ ಪಡೆದು, ತಮ್ಮ ಪಾಸ್‌ಪುಸ್ತಕದೊಂದಿಗೆ ಹೋಲಿಸಿ ನೋಡಬೇಕು. ಆಗ ನುಸುಳಿದ ತಪ್ಪು ಮುಂದೆ ವರ್ಷಗಟ್ಟಲೆ ಬಡ್ಡಿ ಸಮೇತ ಬೆಳೆಯುತ್ತದೆ. ಹಳೆಯ ಪುಸ್ತಕಗಳನ್ನು ರದ್ದಿಗೆ ಹಾಕಲು ಅವಸರ ಪಡಬಾರದು.

ಕರಾವಳಿಯಲ್ಲಿ ವಿಶೇಷ ಎಚ್ಚರಿಕೆ

ನಮ್ಮ ಹವೆ ಗಣಕಯಂತ್ರಕ್ಕೆ ಅಷ್ಟಾಗಿ ಹಿತವಲ್ಲ. ಕೆಳಗಿನ ಅಂಶಗಳನ್ನು ಗಮನಿಸಬೇಕು.

1. ಸಿಡಿಲು: ಏಪ್ರಿಲ್–ಮೇ ತಿಂಗಳುಗಳಲ್ಲಿ ಮತ್ತು ಮಳೆಗಾಲ ಹಿಂದೆ ಸರಿಯುವ ಅಕ್ಟೋಬರ್–ನವೆಂಬರಿನಲ್ಲಿ ಗುಡುಗು ಸಿಡಿಲು ಹೆಚ್ಚು. ಆಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು. ಇಂಟರ್ನೆಟ್ ತಂತಿಯನ್ನೂ ಬಿಡಿಸಬೇಕು. ಎಷ್ಟೋ ಸಲ ಸಿಡಿಲಿನ ವಿದ್ಯುತ್ತು ಬರುವುದು ಈ ತಂತಿಯ ದಾರಿಯಿಂದಲೇ.
2. ಅರ್ತಿಂಗ್: ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ತಿಂಗ್ ದುರ್ಬಲವಾಗುತ್ತದೆ. ಗುಂಡಿಗೆ ಇದ್ದಿಲು, ಉಪ್ಪು ಹಾಕಿದ್ದರೂ ಬೇಸಿಗೆಯಲ್ಲಿ ನೀರು ಹಾಕುತ್ತಿರಬೇಕು. ವರ್ಷಕ್ಕೊಮ್ಮೆ ವಿದ್ಯುತ್ ಕೆಲಸದವರಿಂದ ಪರೀಕ್ಷಿಸಬೇಕು.
3. ತೇವ ಮತ್ತು ಉಪ್ಪುಗಾಳಿ: ಕಾಪು, ಮಲ್ಪೆಯಂಥ ಸಮುದ್ರ ತೀರದ ಊರುಗಳಲ್ಲಿ ಯಂತ್ರದೊಳಗಿನ ಲೋಹ ಬೇಗ ತುಕ್ಕು ಹಿಡಿಯುತ್ತದೆ. ಯಂತ್ರವನ್ನು ಗೋಡೆಗೆ ಒತ್ತಿ ಇಡಬಾರದು. ನೆಲದ ಮೇಲೆ ಇಡಲೇಬಾರದು. ಮಳೆಗಾಲದಲ್ಲಿ ಕೆಲಸವಿಲ್ಲದಿದ್ದರೂ ದಿನವೂ ಸ್ವಲ್ಪ ಹೊತ್ತು ನಡೆಸಿದರೆ ಒಳಗಿನ ತೇವ ಆರುತ್ತದೆ.
4. ಇಲಿ, ಇರುವೆ, ಹಲ್ಲಿ: ಹಿಂಡಿ, ಗೊಬ್ಬರದ ಮೂಟೆಗಳ ಪಕ್ಕದಲ್ಲಿ ಗಣಕಯಂತ್ರ ಇಡುವ ಪದ್ಧತಿ ಬಿಡಬೇಕು. ಗೊಬ್ಬರದ ಧೂಳು ಲೋಹವನ್ನು ತಿನ್ನುತ್ತದೆ. ಹಿಂಡಿಗೆ ಬಂದ ಇಲಿ ತಂತಿ ಕಡಿಯುತ್ತದೆ.
5. ಬ್ಯಾಟರಿ: ನೀರು ಹಾಕುವ ಬ್ಯಾಟರಿಗೆ ಬಟ್ಟಿ ಇಳಿಸಿದ ನೀರನ್ನೇ ಹಾಕಬೇಕು, ಬಾವಿ ನೀರು ಕೂಡದು.

ಮೋಸದ ಬಗ್ಗೆ ಎರಡು ಮಾತು

ಯಂತ್ರದ ಜೊತೆಗೆ ಮೋಸವೂ ಬಂದಿದೆ. ದೊಡ್ಡ ಬ್ಯಾಂಕಿನ ಯಂತ್ರವನ್ನು ಮುರಿಯುವುದು ಕಷ್ಟ. ಆದುದರಿಂದ ಕಳ್ಳರು ಚಿಕ್ಕವರ ಬಾಗಿಲನ್ನೇ ತಟ್ಟುತ್ತಾರೆ. ಹಣ ಪಡೆಯಲು ಪಿನ್ ಹಾಕಬೇಕಾಗಿಲ್ಲ. ಹಣ ಕೊಡಲು ಮಾತ್ರ ಪಿನ್ ಬೇಕು. ‘ಸಹಾಯಧನ ಬಂದಿದೆ, ಪಿನ್ ಒತ್ತಿ’ ಎಂದು ಯಾರಾದರೂ ಹೇಳಿದರೆ ಅದು ಮೋಸವೆಂದೇ ತಿಳಿಯಬೇಕು. ಮೊಬೈಲಿಗೆ ಬಂದ ಒ.ಟಿ.ಪಿ. ಸಂಖ್ಯೆಯನ್ನು ಯಾರಿಗೂ ಹೇಳಬಾರದು. ಹಣ ಹೋಗಿದೆಯೆಂದು ತಿಳಿದ ಕೂಡಲೇ ನಾಚಿಕೊಳ್ಳದೆ 1930 ಸಂಖ್ಯೆಗೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಬೇಕು. ಬೇಗ ತಿಳಿಸಿದಷ್ಟು ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಸಂಘದ ಮಟ್ಟದಲ್ಲಿ, ಒಬ್ಬರೇ ಬರೆದು ಅವರೇ ಹಣ ಬಿಡುಗಡೆ ಮಾಡುವ ಪದ್ಧತಿ ಸರಿಯಲ್ಲ. ಕಾರ್ಯದರ್ಶಿ ಪಟ್ಟಿ ತಯಾರಿಸಿದರೆ ಅಧ್ಯಕ್ಷರೋ ನಿರ್ದೇಶಕರೊಬ್ಬರೋ ನೋಡಿ ಒಪ್ಪಬೇಕು. ಇದು ಕಾರ್ಯದರ್ಶಿಯ ಮೇಲಿನ ಅಪನಂಬಿಕೆಯಲ್ಲ. ಪ್ರಾಮಾಣಿಕ ಕಾರ್ಯದರ್ಶಿಗೆ ಇದೇ ರಕ್ಷಣೆ. ಪಾಸ್‌ವರ್ಡನ್ನು ಲಕೋಟೆಯಲ್ಲಿ ಹಾಕಿ, ಅರಗು ಒತ್ತಿ, ಸಂಘದ ತಿಜೋರಿಯಲ್ಲಿ ಇಡಬೇಕು. ಕಾರ್ಯದರ್ಶಿಗೆ ಕಾಯಿಲೆಯಾದ ದಿನ ಹಾಲು ಕಾಯುವುದಿಲ್ಲ. ಅವರು ಕೆಲಸ ಬಿಟ್ಟ ದಿನವೇ ಪಾಸ್‌ವರ್ಡ್ ಬದಲಿಸಬೇಕು.

ಮಹಾಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ವಾರ್ಷಿಕ ಮಹಾಸಭೆಯಲ್ಲಿ ಸದಸ್ಯರು ಬೋನಸ್ ಎಷ್ಟು ಎಂದು ಕೇಳುತ್ತಾರೆ. ಅದರ ಜೊತೆಗೆ ಈ ಏಳು ಪ್ರಶ್ನೆಗಳನ್ನೂ ಕೇಳಬೇಕು.

1. ಲೆಕ್ಕದ ಪ್ರತಿಯನ್ನು ಎಷ್ಟು ದಿನಕ್ಕೊಮ್ಮೆ ತೆಗೆಯಲಾಗುತ್ತದೆ? ಅದು ಎಲ್ಲಿದೆ?
2. ಆ ಪ್ರತಿಯನ್ನು ಕೊನೆಯ ಸಲ ತೆರೆದು ನೋಡಿದ್ದು ಯಾವಾಗ?
3. ಕಾರ್ಯದರ್ಶಿ ರಜೆಯಲ್ಲಿದ್ದರೆ ಯಂತ್ರ ನಡೆಸಬಲ್ಲ ಎರಡನೆಯ ವ್ಯಕ್ತಿ ಯಾರು?
4. ಯಂತ್ರ ಕೆಟ್ಟರೆ ಎಷ್ಟು ಗಂಟೆಯೊಳಗೆ ರಿಪೇರಿಯವರು ಬರಬೇಕೆಂದು ಕರಾರಿನಲ್ಲಿ ಬರೆದಿದೆ?
5. ತಂತ್ರಾಂಶದ ಕಂಪೆನಿ ಮುಚ್ಚಿದರೆ ಅಥವಾ ಬದಲಾದರೆ ನಮ್ಮ ಲೆಕ್ಕವನ್ನು ನಮಗೆ ಪೂರ್ತಿ ಕೊಡಬೇಕೆಂಬ ಷರತ್ತು ಇದೆಯೇ?
6. ಪರೀಕ್ಷಾ ಯಂತ್ರವನ್ನು ಕೊನೆಯ ಸಲ ಹೋಲಿಸಿ ಸರಿಪಡಿಸಿದ್ದು ಯಾವಾಗ?
7. ಆರೈಕೆಗೆ ಈ ವರ್ಷದ ಆಯವ್ಯಯದಲ್ಲಿ ಎಷ್ಟು ಹಣ ಇಡಲಾಗಿದೆ?

ಇವುಗಳಿಗೆ ಉತ್ತರ ಬಂದರೆ ಸಂಘ ಸುಸ್ಥಿತಿಯಲ್ಲಿದೆ ಎಂದು ತಿಳಿಯಬಹುದು. ಬಾರದಿದ್ದರೆ ಸಿಟ್ಟಾಗುವ ಬದಲು ಅಲ್ಲೇ ಒಂದು ಠರಾವು ಮಾಡಿ, ಮೂರು ತಿಂಗಳ ಗಡುವು ಕೊಡುವುದು ಒಳ್ಳೆಯದು. ಇಂದು ಅನೇಕ ರೈತರ ಮನೆಗಳಲ್ಲಿ ಗಣಕಯಂತ್ರ ಕಲಿತ ಮಗ ಮಗಳು ಇದ್ದಾರೆ. ಉಡುಪಿ, ಮಣಿಪಾಲ, ನಿಟ್ಟೆಗಳ ಕಾಲೇಜುಗಳಲ್ಲಿ ಓದುವ ಇಂಥ ಯುವಕ ಯುವತಿಯರನ್ನು ಕರೆದು ತಿಂಗಳಿಗೊಂದು ದಿನ ಸಂಘದ ವ್ಯವಸ್ಥೆಯನ್ನು ನೋಡಿ ಸಲಹೆ ಕೊಡುವಂತೆ ಕೇಳಬಹುದು. ಆದರೆ ಪಾಸ್‌ವರ್ಡ್ ಮತ್ತು ಹೊಣೆ ಸಂಘದ ಬಳಿಯಲ್ಲೇ ಇರಲಿ.

ಮುಕ್ತಾಯ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂಬ ಗಾದೆ ಯಂತ್ರಗಳಿಗೂ ಸಲ್ಲುತ್ತದೆ. ಮಲ್ಲಿಗೆ ಬೆಳೆಗಾರನಿಗೆ ಬ್ಯಾಂಕಿನಂಥ ವ್ಯವಸ್ಥೆ ಬೇಡ. ಒಂದು ಮೊಬೈಲ್, ಒಂದು ಪುಸ್ತಕ ಸಾಕು. ಸಂಘಕ್ಕೆ ಪುಸ್ತಕ ಮಾತ್ರ ಸಾಲದು; ಯಂತ್ರ, ಅದರ ಪ್ರತಿ, ಎರಡನೆಯ ವ್ಯಕ್ತಿ, ಬರಹದಲ್ಲಿರುವ ಕರಾರು ಈ ನಾಲ್ಕೂ ಬೇಕು. ದೊಡ್ಡ ಸಂಸ್ಥೆಯಲ್ಲಿ ಇವೆಲ್ಲ ಇರುತ್ತವೆ. ಅಲ್ಲಿ ನಮ್ಮ ಕೆಲಸ ನಮ್ಮ ಹೆಸರು, ಖಾತೆ, ಮೊಬೈಲ್ ನಂಬರ್ ಸರಿಯಾಗಿರುವಂತೆ ನೋಡಿಕೊಳ್ಳುವುದು.

ರೈತ ಬಾಂಧವರು ಇಂದು ಸಂಜೆ ಡೈರಿಗೆ ಹಾಲು ಒಯ್ದಾಗ ಕೈಗೆ ಬಂದ ಚೀಟಿಯನ್ನು ಎಸೆಯದೆ ಮನೆಗೆ ತರಬೇಕು. ಬಟವಾಡೆ ಆಗುವ ತನಕ ಅದನ್ನು ಒಂದು ತಂತಿಗೆ ಪೋಣಿಸಿ ಇಡಬೇಕು. ಅದು ಅವರ ಕೈಯಲ್ಲಿರುವ ಬೀಜದ ಮುಡಿ. ಸಂಘದ ಬೀಜದ ಮುಡಿ ಎಲ್ಲಿದೆ ಎಂಬುದನ್ನು ನಾಳೆ ಬೆಳಗ್ಗೆ ಹಾಲು ಕೊಡುವಾಗ ಕಾರ್ಯದರ್ಶಿಯವರನ್ನು ವಿನಯದಿಂದ ಕೇಳಬಹುದು.